ನೆಲದ ಹಳೆಯ ಲೆಕ್ಕ ಕೇಳಿ, ಆಮೇಲೆ ಗುಂಡಿ ತೋಡಿ

ಹೊಲಕ್ಕೆ ಮರ ಹಾಕಲು ಹೊರಟಿರುವ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಸೀಮೆಯ ರೈತ ಬಂಧುಗಳಿಗೆ,



ಮುಂಗಾರು ಹತ್ತಿರ ಬಂತು. ನರ್ಸರಿಗಳಿಂದ ಸಸಿ ತುಂಬಿದ ಗಾಡಿಗಳು ನಮ್ಮ ಊರುಗಳ ಕಡೆ ಬರುವ ಕಾಲ. ಹೆಬ್ಬೇವು, ಶ್ರೀಗಂಧ, ಮಹಾಗನಿ, ತೇಗ, ಸಿಲ್ವರ್ ಓಕ್, ಯಾವುದನ್ನು ಕೇಳಿದರೂ ಸಿಗುತ್ತದೆ. ಏಕೆ ಇಷ್ಟೊಂದು ಜನ ಮರದ ಕಡೆ ತಿರುಗಿದ್ದಾರೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ, ಬೋರಿನಲ್ಲಿ ನೀರಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹೊಲ ಬೀಳು ಬಿಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ನಾನೂ ಹೀಗೇ ಯೋಚಿಸಿ ಮರ ಹಾಕಿದವಳು. ಮರ ಹಾಕಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಗುಂಡಿ ತೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ ಎನ್ನುವುದಕ್ಕೆ ಬರೆಯುತ್ತಿದ್ದೇನೆ: ಕಳೆದ ನಲವತ್ತು ವರ್ಷ ಈ ನೆಲದಲ್ಲಿ ಏನು ಬೆಳೆದಿತ್ತು, ಅದಕ್ಕೆ ಏನು ಹಾಕಿದ್ದರು, ಅದರಿಂದ ಏನು ಹೊತ್ತುಕೊಂಡು ಹೋದರು?

ನನಗೆ ಈ ಪ್ರಶ್ನೆ ಹುಟ್ಟಿದ್ದು ತಡವಾಗಿ. ನಮಗೆ ಎರಡು ಕಡೆ ಹೊಲ. ಒಂದು ಊರ ಮಗ್ಗುಲಲ್ಲೇ ಇರುವ ಒಂದೂವರೆ ಎಕರೆ. ಇನ್ನೊಂದು ಗುಡ್ಡದ ಕಡೆ ಎರಡು ಎಕರೆ ಚಿಲ್ಲರೆ. ಗುಡ್ಡದ ಕಡೆಯದರಲ್ಲಿ ನಮ್ಮ ಮಾವ ನೀಲಗಿರಿ ಹಾಕಿಸಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದು, ಪುಕ್ಕಟೆಯಾಗಿಯೋ ಅಗ್ಗಕ್ಕೋ ಸಸಿ ಕೊಟ್ಟು, ನಮ್ಮ ಸೀಮೆಯ ರಾಗಿ ಹೊಲಗಳೆಲ್ಲ ನೀಲಗಿರಿ ತೋಪಾದವಲ್ಲ, ಅದರ ಬೆನ್ನ ಹಿಂದೆ ನಮ್ಮ ಹೊಲವೂ ಹೋಯಿತು. ಕಡಿದರೆ ಕೂಳೆ, ಮತ್ತೆ ಕಡಿದರೆ ಮತ್ತೆ ಕೂಳೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ವೇಳೆಗೆ ನಮಗೂ ಅದು ಸಾಕಾಗಿತ್ತು. ಜೆಸಿಬಿ ತರಿಸಿ ಬೊಡ್ಡೆ ಕೀಳಿಸಿ, ಮುಂದಿನ ಮುಂಗಾರಿಗೆ ಎರಡೂ ಹೊಲಕ್ಕೆ ಹೆಬ್ಬೇವು ಹಾಕಿದೆವು. ಒಂದೇ ನರ್ಸರಿಯ ಸಸಿ, ಒಂದೇ ಅಳತೆಯ ಗುಂಡಿ, ಗುಂಡಿಗೆ ಒಂದೇ ಅಳತೆಯ ಗೊಬ್ಬರ. ಸಸಿ ಮಾರಿದವರು ಬರೆದುಕೊಟ್ಟ ಒಂದು ಹಾಳೆ ಇತ್ತು, ಎಕರೆಗೆ ಇಷ್ಟು ಸಸಿ, ಮೊದಲ ವರ್ಷ ಇಷ್ಟು, ಎರಡನೇ ವರ್ಷ ಇಷ್ಟು ಎಂದು. ಅದನ್ನೇ ಅಕ್ಷರಶಃ ಪಾಲಿಸಿದೆವು.

ಮೂರನೇ ವರ್ಷಕ್ಕೆ ಊರ ಮಗ್ಗುಲಿನ ಹೊಲದ ಮರಗಳು ತಬ್ಬಿ ಹಿಡಿಯಬೇಕು ಎನ್ನುವ ಹಾಗೆ ಬಂದವು. ಗುಡ್ಡದ ಕಡೆಯವು? ಎರಡು ಕೈಯ ಹೆಬ್ಬೆರಳು, ತೋರುಬೆರಳು ಕೂಡಿಸಿದರೆ ಕಾಂಡ ಅದರೊಳಗೆ ಸಿಕ್ಕಿಬಿಡುತ್ತಿತ್ತು. ಕೆಳಗಿನ ಎಲೆಗಳು ಹಳದಿಗೆ ತಿರುಗಿ, ಮಳೆ ಚೆನ್ನಾಗಿ ಆದ ವರ್ಷವೂ ಉದುರುತ್ತಿದ್ದವು. ನೀರಿನ ಕೊರತೆ ಇರಬೇಕು ಎಂದು ಹನಿ ನೀರಾವರಿ ಪೈಪು ಎಳೆಸಿದೆವು. ಏನೂ ಬದಲಾಗಲಿಲ್ಲ. ವಿಚಿತ್ರ ಎಂದರೆ ಅದೇ ಬಡಕಲು ತೋಪಿನ ನಡುವೆ, ಈಶಾನ್ಯದ ಮೂಲೆಗೆ ಹತ್ತಿರ, ಹದಿನೈದಿಪ್ಪತ್ತು ಮರ ಮಾತ್ರ ಕರಿ ಹಸಿರಾಗಿ ಸೊಂಪಾಗಿ ನಿಂತಿದ್ದವು. ಪೈಪಿನ ನೀರು ಅಲ್ಲಿಗೆ ಹೆಚ್ಚು ಹೋಗುತ್ತಿರಲಿಲ್ಲ. ಮಣ್ಣಿನ ಬಣ್ಣದಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ.

ನಮ್ಮತ್ತೆಗೆ ಆಗ ಎಂಬತ್ತರ ಆಸುಪಾಸು. ಆ ಹೊಲದ ಕಡೆ ಬಂದು ವರ್ಷಗಳೇ ಆಗಿದ್ದವು. ಒಂದು ದಿನ ಮಗನ ಗಾಡಿಯಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದೆವು. ಬದುವಿನ ಮೇಲೆ ನಿಂತು ಸೊಂಪಾದ ಮರಗಳ ಕಡೆ ನೋಡಿದರು. ಒಂದು ನಿಮಿಷವೂ ಯೋಚಿಸಲಿಲ್ಲ. "ಅದು ಕುರಿ ಹಟ್ಟಿ ಹಾಕ್ತಿದ್ದ ಜಾಗ ಕಣಮ್ಮ," ಅಂದರು. ನೀಲಗಿರಿಗೆ ಮುಂಚೆ, ಅವರು ಮದುವೆಯಾಗಿ ಬಂದಾಗಿನಿಂದಲೂ, ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಕುರುಬರು ಮಂದೆ ತಂದು ಅಲ್ಲೇ ತಡಿಕೆ ಕಟ್ಟಿ ನಿಲ್ಲಿಸುತ್ತಿದ್ದರಂತೆ. ರಾತ್ರಿಗೆ ಇಷ್ಟು ಸೇರು ರಾಗಿ, ಕುರಿ ಕಾಯುವವರಿಗೆ ಊಟ. ಹೊಲದ ಉಳಿದ ಭಾಗ ಇಳಿಜಾರು, ಕುರಿ ಮಲಗುವುದಿಲ್ಲ. ಆ ಮೂಲೆ ಮಟ್ಟಸ, ಗಾಳಿಗೆ ಬಂಡೆಯ ಮರೆ ಬೇರೆ. ಹಾಗಾಗಿ ವರ್ಷ ವರ್ಷವೂ ಅದೇ ಜಾಗ.

ಮೂವತ್ತು ವರ್ಷದ ಹಿಂದೆ ಕುರಿ ಮಲಗಿದ್ದು ಇವತ್ತಿನ ಮರಕ್ಕೆ ಗೊತ್ತಾಗುತ್ತದೆ ಎಂದು ನಂಬಲು ನನಗೆ ಕಷ್ಟವಾಯಿತು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಓದಿದ್ದನ್ನೂ ಮಣ್ಣು ಪರೀಕ್ಷೆ ಮಾಡಿಸಿ ತಿಳಿದದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ. ಗೊತ್ತಾಗುತ್ತದೆ. ಮೂವತ್ತು ವರ್ಷ ಏನೇನೂ ಅಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಸಂಶೋಧನಾ ಕೇಂದ್ರದಲ್ಲಿ ಹೂಸ್‌ಫೀಲ್ಡ್ ಎಂಬ ಬಾರ್ಲಿ ಹೊಲ ಇದೆ. ಅದರ ಒಂದು ತಾಕಿಗೆ 1852ರಿಂದ 1871ರವರೆಗೆ, ಅಂದರೆ ಇಪ್ಪತ್ತು ವರ್ಷ, ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಹಾಕಿದರು. ಆಮೇಲೆ ಒಂದು ಬುಟ್ಟಿಯನ್ನೂ ಹಾಕಿಲ್ಲ. ನೂರು ವರ್ಷ ದಾಟಿದ ಮೇಲೆ ಪರೀಕ್ಷಿಸಿದಾಗಲೂ, ಎಂದೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಆ ಮಣ್ಣಿನಲ್ಲಿ ಸಾರಜನಕವೂ ಸಾವಯವ ಇಂಗಾಲವೂ ಹೆಚ್ಚೇ ಇದ್ದವು. ಕೊಟ್ಟಿಗೆ ಕಸ ಹೊತ್ತು ಹಾಕಿದವರ ಮರಿಮಕ್ಕಳ ಕಾಲಕ್ಕೂ ಆ ಗೊಬ್ಬರ ಪೂರ್ತಿ ಕರಗಿರಲಿಲ್ಲ.

ಅದಕ್ಕಿಂತ ನನ್ನನ್ನು ಬೆಚ್ಚಿ ಬೀಳಿಸಿದ್ದು ಫ್ರಾನ್ಸಿನ ಲೊರೇನ್ ಪ್ರಾಂತದ ಒಂದು ಕಾಡಿನ ಕಥೆ. ನೋಡುವವರಿಗೆ ಅದು ಹಳೆಯ ಕಾಡು. ಒಳಗೆ ರೋಮನ್ನರ ಕಾಲದ ಒಕ್ಕಲು ಮನೆಗಳ ಪಾಯ, ಹೊಲದ ಬದುಗಳ ಕುರುಹು ಇವೆ. ಕ್ರಿ.ಶ. 50ರಿಂದ 250ರವರೆಗೆ ಸುಮಾರು ಇನ್ನೂರು ವರ್ಷ ಅಲ್ಲಿ ಬೇಸಾಯ ನಡೆದು, ಆಮೇಲೆ ಜನ ಬಿಟ್ಟು ಹೋದರು, ಕಾಡು ಬೆಳೆಯಿತು. ಝಾನ್ ಲ್ಯೂಕ್ ದುಪೂಯೆ ಮತ್ತು ಸಂಗಡಿಗರು ಆ ಕಾಡಿನ ಮಣ್ಣನ್ನೂ ನೆಲದ ಗಿಡಗಂಟೆಗಳನ್ನೂ ಅಳೆದು 2002ರಲ್ಲಿ ಪ್ರಕಟಿಸಿದರು. ಹಳೆಯ ಒಕ್ಕಲು ಮನೆಗೆ ಹತ್ತಿರ ಹೋದ ಹಾಗೆಲ್ಲ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಸಾರಜನಕ, ರಂಜಕ ಹೆಚ್ಚುತ್ತಾ ಹೋಗುತ್ತವೆ. ಸಾರ ಬೇಡುವ ಸಸ್ಯಗಳೇ ಅಲ್ಲಿ ಹೆಚ್ಚು. ಯಾರೋ ರೋಮನ್ ಒಕ್ಕಲಿಗ ತನ್ನ ಕೊಟ್ಟಿಗೆಯ ಗೊಬ್ಬರವನ್ನು ಮನೆ ಹತ್ತಿರದ ಹೊಲಕ್ಕೆ ಹೆಚ್ಚು, ದೂರದ ಹೊಲಕ್ಕೆ ಕಡಿಮೆ ಹಾಕಿದ್ದು ಹದಿನೇಳು ನೂರು ವರ್ಷದ ಮೇಲೂ ಓದಲು ಸಿಗುತ್ತದೆ. ನಾವು ಮಾಡುವುದೂ ಅದನ್ನೇ ಅಲ್ಲವೇ? ತಿಪ್ಪೆಯಿಂದ ಗಾಡಿ ಹೊರಟರೆ ಮೊದಲು ತುಂಬುವುದು ಊರ ಮಗ್ಗುಲಿನ ಹೊಲ.

ಇನ್ನು ಮಣ್ಣಿನೊಳಗೆ ಇದು ಹೇಗೆ ನಡೆಯುತ್ತದೆ ಎನ್ನುವುದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಯೂರಿಯಾ ಚೀಲದಿಂದ ಸಾರಜನಕ ಬರುತ್ತದೆ ಎಂದು ನಮಗೆ ಅಭ್ಯಾಸ. 45 ಕೆಜಿಯ ಚೀಲದಲ್ಲಿ ಅದು ಸುಮಾರು 20 ಕೆಜಿ. ಆದರೆ ಮಣ್ಣಿನಲ್ಲಿ ಇರುವ ಸಾರಜನಕದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕೊಳೆತ, ಅರೆಕೊಳೆತ ಸಾವಯವ ವಸ್ತುವಿನೊಳಗೆ ಸೇರಿಕೊಂಡಿರುತ್ತದೆ. ಬೇರು ಅದನ್ನು ನೇರವಾಗಿ ಹೀರಲಾರದು. ಸೂಕ್ಷ್ಮಜೀವಿಗಳು ಅದನ್ನು ತಿಂದು, ತಮಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಅಮೋನಿಯಂ ಆಗಿ, ನೈಟ್ರೇಟ್ ಆಗಿ ಬಿಟ್ಟುಕೊಟ್ಟರೆ ಮಾತ್ರ ಮರಕ್ಕೆ ಊಟ. ಉಳಿಯದಿದ್ದರೆ ಇಲ್ಲ.

ಉಳಿಯುವುದು ಬಿಡುವುದು ಇಂಗಾಲ ಮತ್ತು ಸಾರಜನಕದ ಪ್ರಮಾಣದ ಮೇಲೆ ನಿಂತಿದೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲೇ ಹೇಳುವುದಾದರೆ ಇಂಗಾಲ ಮುದ್ದೆ, ಸಾರಜನಕ ಸಾರು. ಸೂಕ್ಷ್ಮಜೀವಿಗಳಿಗೆ ಸುಮಾರು ಇಪ್ಪತ್ತೈದು ಪಾಲು ಮುದ್ದೆಗೆ ಒಂದು ಪಾಲು ಸಾರು ಇದ್ದರೆ ಊಟ ಸರಿಹೋಗುತ್ತದೆ. ಅಲಸಂದೆ, ಅಪ್ಸೆಣಬು, ಗೊಬ್ಬರದ ಗಿಡದ ಎಳೆ ಸೊಪ್ಪು ಮಣ್ಣಿಗೆ ಬಿದ್ದರೆ ಸಾರು ಧಾರಾಳ, ಉಂಡು ಮಿಕ್ಕದ್ದು ಮರಕ್ಕೆ. ನೀಲಗಿರಿಯ ಒಣಗಿದ ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಐವತ್ತು ಪಾಲಿಗೂ ಮೀರಿ ಇಂಗಾಲ ಇರುವುದು ಸಾಮಾನ್ಯ. ಅದರ ಕಟ್ಟಿಗೆ, ಬೇರಿನಲ್ಲಿ ನೂರಾರು ಪಾಲು. ಬೆಟ್ಟದಷ್ಟು ಮುದ್ದೆ, ಒಂದು ಸೌಟು ಸಾರು. ಆಗ ಸೂಕ್ಷ್ಮಜೀವಿಗಳು ಏನು ಮಾಡುತ್ತವೆ? ಸುತ್ತಲಿನ ಮಣ್ಣಿನಲ್ಲಿ ಎಲ್ಲಿ ಸಾರಜನಕ ಸಿಕ್ಕಿದರೂ ಎಳೆದುಕೊಂಡು ಮುದ್ದೆ ಮುಗಿಸುತ್ತವೆ. ನೀವು ಗುಂಡಿಗೆ ಹಾಕಿದ ಒಂದು ಮುಷ್ಟಿ ಯೂರಿಯಾವನ್ನೂ ಅವೇ ಮೊದಲು ತಿನ್ನುತ್ತವೆ. ಜೆಸಿಬಿ ಬೊಡ್ಡೆ ಕಿತ್ತರೂ ಬೇರಿನ ಚೂರು, ತೊಗಟೆ, ಪುಡಿ ಎಲ್ಲ ಮಣ್ಣಿನಲ್ಲೇ ಕಲೆಸಿಹೋಗಿರುತ್ತದಲ್ಲ, ಅದು ಕೊಳೆಯುವಷ್ಟು ವರ್ಷ ಸಸಿ ಕೈ ಚಾಚಿ ಕಾಯಬೇಕು. ನಮ್ಮ ಹೆಬ್ಬೇವಿನ ಕೆಳಗಿನ ಎಲೆಗಳು ಹಳದಿಯಾದದ್ದು ಇದಕ್ಕೆ. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಬಾಯಾರಿದ ಗಿಡವೇ ಬೇರೆ, ಹಸಿದ ಗಿಡವೇ ಬೇರೆ. ನಾನು ಹಸಿದ ಗಿಡಕ್ಕೆ ಎರಡು ವರ್ಷ ನೀರು ಕೊಟ್ಟೆ.

ಈಗ ಮಣ್ಣು ಆರೋಗ್ಯ ಚೀಟಿಯ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಶುರುವಾದ ಈ ಚೀಟಿ ನಮ್ಮಲ್ಲಿ ಬಹಳ ಮಂದಿಯ ಬಳಿ ಇದೆ, ಅದರಿಂದ ಉಪಕಾರವೂ ಆಗಿದೆ. ಆದರೆ ಮರ ಹಾಕುವವರು ಅದರ ಒಂದು ಸಾಲನ್ನು ಹುಷಾರಾಗಿ ಓದಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಸಾರಜನಕವನ್ನು ಅಂದಾಜು ಮಾಡುವುದು ಹೆಚ್ಚಾಗಿ ಸಾವಯವ ಇಂಗಾಲದ ಮೇಲೆ: ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದರ ಮೇಲೆ ಹೆಚ್ಚು. ಇಂಗಾಲ ಇದ್ದಲ್ಲಿ ಅದರ ಹತ್ತು ಹನ್ನೆರಡರಲ್ಲಿ ಒಂದು ಪಾಲು ಸಾರಜನಕ ಇರುತ್ತದೆ ಎನ್ನುವ ನಂಬಿಕೆ ಇದರ ಹಿಂದಿದೆ. ತಲೆತಲಾಂತರದಿಂದ ಉತ್ತು, ಗೊಬ್ಬರ ಹಾಕಿ, ಕಾಳು ಬೆಳೆದ ರಾಗಿ ಹೊಲಕ್ಕೆ ಈ ನಂಬಿಕೆ ಸರಿಯಾಗಿ ಹೊಂದುತ್ತದೆ. ನೀಲಗಿರಿ ತೆಗೆದ ಹೊಲಕ್ಕೆ ಹೊಂದುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಒಂಬೈನೂರು ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ಶೇಕಡಾ 0.6 ಇದೆ ಅಂದುಕೊಳ್ಳಿ. ಇಂಗಾಲ ಹನ್ನೆರಡಕ್ಕೆ ಸಾರಜನಕ ಒಂದು ಇದ್ದರೆ ಆ ಎಕರೆಯಲ್ಲಿ 450 ಕೆಜಿ ಸಾರಜನಕ. ಇಪ್ಪತ್ತಕ್ಕೆ ಒಂದು ಇದ್ದರೆ 270 ಕೆಜಿ. ವರ್ಷಕ್ಕೆ ಇದರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲಷ್ಟೇ ಕರಗಿ ಬೇರಿಗೆ ಸಿಗುವುದು. ಎರಡನೆಯ ಮಣ್ಣಿನಲ್ಲಿ ಅದೂ ಕಷ್ಟ, ಸೂಕ್ಷ್ಮಜೀವಿಗಳೇ ಹಸಿದಿರುತ್ತವೆ. ಚೀಟಿ ಮಾತ್ರ ಎರಡಕ್ಕೂ "ಮಧ್ಯಮ" ಎನ್ನುತ್ತದೆ. ನಮಗೆ ಆದದ್ದು ಇದೇ. ಎರಡೂ ಹೊಲದ ಚೀಟಿಯಲ್ಲಿ ಒಂದೇ ಮಾತು ಇತ್ತು, ಒಂದೇ ಶಿಫಾರಸು ಇತ್ತು. ಆಮೇಲೆ ಹಟ್ಟಿ ಜಾಗದ್ದೂ ಸೇರಿಸಿ ಮೂರು ಚೀಲ ಮಣ್ಣು ಕೊಟ್ಟು ಒಟ್ಟು ಸಾರಜನಕ ಪರೀಕ್ಷೆ ಮಾಡಿಸಿದೆ. ಗುಡ್ಡದ ಹೊಲದ್ದು ಊರ ಮಗ್ಗುಲಿನದರ ಅರ್ಧದ ಆಸುಪಾಸು ಬಂತು. ಹಟ್ಟಿ ಜಾಗದ್ದು ಎರಡರ ನಡುವೆ, ಊರ ಮಗ್ಗುಲಿನದಕ್ಕೇ ಹತ್ತಿರ. ನಮ್ಮತ್ತೆಯ ಬಾಯಲ್ಲಿ ಬಂದದ್ದೇ ಕಾಗದದಲ್ಲೂ ಬಂತು.

ಈ ಒಟ್ಟು ಸಾರಜನಕದ ಪರೀಕ್ಷೆ ಹೊಸದಲ್ಲ. ಕೋಪನ್‌ಹೇಗನ್ನಿನಲ್ಲಿ ಯೊಹಾನ್ ಕೆಲ್ಡಾಲ್ ಅದನ್ನು ರೂಪಿಸಿದ್ದು 1883ರಲ್ಲಿ. ಮಣ್ಣು ಕೊಡುವಾಗ ನಾವೇ ಬಾಯಿಬಿಟ್ಟು ಅದೂ ಬೇಕು ಎಂದು ಕೇಳಬೇಕು. ಇಂಗಾಲದ ಅಂಕಿಯನ್ನು ಸಾರಜನಕದ ಅಂಕಿಯಿಂದ ಭಾಗಿಸಿದರೆ ಹತ್ತು ಹನ್ನೆರಡು ಬಂದರೆ ನೆಮ್ಮದಿ; ಇಪ್ಪತ್ತರ ಹತ್ತಿರ ಬಂದರೆ ಆ ವರ್ಷ ಸಸಿ ನೆಡುವ ಆತುರ ಬೇಡ. ರೈತ ಉತ್ಪಾದಕ ಸಂಘಗಳು ಹತ್ತು ಮಂದಿಯ ಮಣ್ಣು ಒಟ್ಟಿಗೆ ಕಳಿಸಿದರೆ ಯಾರಿಗೂ ಹೊರೆಯಾಗುವುದಿಲ್ಲ. ಮರ ಹತ್ತು ಹದಿನೈದು ವರ್ಷ ನಿಲ್ಲುವ ಬೆಳೆ. ಅದಕ್ಕೆ ಮೊದಲು ಇಷ್ಟು ಖರ್ಚು ಮಾಡದಿರುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನೀಲಗಿರಿಯನ್ನು ಬೈಯುವುದು ನಮ್ಮ ಕಡೆ ಸುಲಭ. ಅದಕ್ಕೆ ನೀರಿನ ವಿಷಯದಲ್ಲಿ ಸಲ್ಲಬೇಕಾದ ಬೈಗುಳ ಸಲ್ಲಲಿ. ಸಾರಜನಕದ ವಿಷಯದಲ್ಲಿ ಮಾತ್ರ ಮರಕ್ಕಿಂತ ನಾವು ನಡೆದುಕೊಂಡ ರೀತಿಯ ತಪ್ಪು ದೊಡ್ಡದು. ಕಾಂಡದ ಕಟ್ಟಿಗೆಯಲ್ಲಿ ಸಾರಜನಕ ಬಹಳ ಕಡಿಮೆ, ನೂರು ಕೆಜಿಗೆ ನೂರಿನ್ನೂರು ಗ್ರಾಂ. ಎಲೆಯಲ್ಲಿ ಅದರ ಹತ್ತು ಪಟ್ಟು. ತುಂಡು ಮಾತ್ರ ಲಾರಿಗೆ ಏರಿಸಿ, ಎಲೆ, ತೊಗಟೆ, ಸಣ್ಣ ಕೊಂಬೆಗಳನ್ನು ಅಲ್ಲೇ ಬಿಟ್ಟಿದ್ದರೆ ನಷ್ಟ ಇಷ್ಟಾಗುತ್ತಿರಲಿಲ್ಲ. ನಾವು ತರಗು ಗುಡಿಸಿ ಒಲೆಗೆ ಒಯ್ದೆವು, ಇಟ್ಟಿಗೆ ಗೂಡಿಗೆ ಮಾರಿದೆವು, ಉಳಿದದ್ದಕ್ಕೆ ಬೆಂಕಿ ಇಟ್ಟೆವು. ಬೆಂಕಿಯಲ್ಲಿ ಪೊಟ್ಯಾಷ್, ಸುಣ್ಣ ಬೂದಿಯಾಗಿ ಉಳಿಯುತ್ತವೆ. ಸಾರಜನಕ ಉಳಿಯುವುದಿಲ್ಲ, ಹೊಗೆಯ ಜೊತೆ ಗಾಳಿ ಸೇರುತ್ತದೆ. ಇದರ ಜೊತೆಗೆ, ನೀಲಗಿರಿ ನಿಂತ ಅಷ್ಟೂ ವರ್ಷ ಆ ಹೊಲಕ್ಕೆ ತಿಪ್ಪೆ ಗೊಬ್ಬರ ಹೋಗಲಿಲ್ಲ, ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆಯೂ ಹೋಗಲಿಲ್ಲ. ರಾಗಿ ಹೊಲದಲ್ಲಿ ಆರೆಂಟು ಸಾಲಿಗೊಂದು ಅಕ್ಕಡಿ ಬಿತ್ತುತ್ತಿದ್ದ ಹಿರಿಯರಿಗೆ ಬೇರುಗಂಟಿನ ಸೂಕ್ಷ್ಮಜೀವಿಯ ಹೆಸರು ಗೊತ್ತಿರಲಿಲ್ಲ. ಆದರೆ ಅವರೆ ಬೆಳೆದ ಸಾಲಿನ ಮೇಲೆ ಮಾರನೇ ವರ್ಷ ರಾಗಿ ಹೇಗೆ ಬರುತ್ತದೆ ಎನ್ನುವುದು ಕಣ್ಣಿಗೆ ಕಂಡಿತ್ತು.

ಬೇಸಾಯದ ಹಳೆಯ ಉಳಿತಾಯ ಮರಕ್ಕೆ ಸಿಗುತ್ತದೆ, ಆದರೆ ಅದು ಬತ್ತದ ಬಾವಿಯೇನಲ್ಲ. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಕ್ಯಾಲ್ಹೂನ್ ಎಂಬಲ್ಲಿ ತಲೆಮಾರುಗಟ್ಟಲೆ ಹತ್ತಿ ಬೆಳೆದು ಬಿಟ್ಟ ಹೊಲಕ್ಕೆ 1957ರಲ್ಲಿ ಪೈನ್ ನೆಟ್ಟರು. 1960ರ ದಶಕದಿಂದ ಕೆಲವು ವರ್ಷಕ್ಕೊಮ್ಮೆ ಅದೇ ಜಾಗದ ಮಣ್ಣು ತೆಗೆದು ಅಳೆದು, ಮಾದರಿಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಡ್ಯಾನಿಯಲ್ ರಿಕ್ಟರ್ ಮತ್ತು ಜೊತೆಗಾರರು ಆ ಮಾದರಿಗಳಿಂದ ಕಂಡದ್ದು: ಮರ ಬೆಳೆದ ಹಾಗೆ ಮಣ್ಣಿನ ಸಾರಜನಕ ಇಳಿಯುತ್ತಾ ಬಂತು, ಅದು ಕಾಂಡ, ಕೊಂಬೆ, ನೆಲದ ಮೇಲಿನ ತರಗಿನಲ್ಲಿ ಹೋಗಿ ಕೂತಿತು. ಮೊದಲ ಸುತ್ತಿನ ಮರ ಚೆನ್ನಾಗಿ ಬಂತೆಂದು ಎರಡನೇ ಸುತ್ತೂ ಹಾಗೇ ಬರುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಊರ ಮಗ್ಗುಲಿನ ಹೊಲದ ಹೆಬ್ಬೇವು ಕಡಿದ ದಿನ ನಾನು ಎಲೆ, ಕೊಂಬೆ ಒಂದನ್ನೂ ಹೊರಗೆ ಬಿಡಲಿಲ್ಲ. ಕೊಳ್ಳುವವರು ಕೇಳಿದರು, ಕೊಡಲಿಲ್ಲ.

ಗೋಮಾಳದ ಪಕ್ಕದ ಬೀಳು ನೆಲಕ್ಕೆ ಮರ ಹಾಕುವವರಿಗೆ ಬೇರೆಯೇ ಮಾತು. ಎಂದೂ ಉಳದ ಹುಲ್ಲುನೆಲದಲ್ಲಿ ಸಾರಜನಕ ಹುಲ್ಲಿನ ಬೇರಿನಲ್ಲಿ, ಅದರ ಕೊಳೆತದಲ್ಲಿ ಇರುತ್ತದೆ. ಮೊದಲ ಉಳುಮೆಗೆ ಗಾಳಿ ಆಡಿ ಅದು ಒಮ್ಮೆಗೇ ಬಿಡುಗಡೆಯಾಗುತ್ತದೆ. ಸಸಿಗಳು ಎರಡು ವರ್ಷ ನೋಡಲು ಚಂದ ಬೆಳೆಯುತ್ತವೆ, ನೆಲ ಒಳ್ಳೆಯದು ಎಂದು ನಾವು ಹಿಗ್ಗುತ್ತೇವೆ, ಮೂರನೇ ವರ್ಷಕ್ಕೆ ನಿಂತ ಹಾಗಾಗುತ್ತದೆ. ಇಂಥ ಕಡೆ ಇಡೀ ನೆಲ ಉಳುವುದಕ್ಕಿಂತ ಗುಂಡಿ ಮಾತ್ರ ತೋಡಿ ಹುಲ್ಲನ್ನು ಕೊಯ್ದು ಬುಡಕ್ಕೆ ಹಾಕುತ್ತಾ ಹೋಗುವುದು ಮೇಲು. ಗೋಮಾಳದಲ್ಲೂ ಎಲ್ಲ ಜಾಗ ಒಂದೇ ಅಲ್ಲ: ಹುಣಸೆ ಮರದ ಕೆಳಗೆ ಮಧ್ಯಾಹ್ನ ದನ ಮಲಗುತ್ತಿದ್ದ ನೆಲ ಒಂದು, ಸಗಣಿಯನ್ನೆಲ್ಲ ಬೆರಣಿಗೆ ಬಾಚಿಕೊಂಡು ಹೋದ ಬಯಲು ಇನ್ನೊಂದು. ಕೀನ್ಯಾ ದೇಶದ ನೈರುತ್ಯ ಭಾಗದಲ್ಲಿ ದನ, ಕುರಿ ಸಾಕುವವರು ಸಾವಿರಾರು ವರ್ಷದ ಹಿಂದೆ ದೊಡ್ಡಿ ಕಟ್ಟಿದ್ದ ಜಾಗಗಳಲ್ಲಿ ಇಂದಿಗೂ ಹುಲ್ಲು ಸೊಂಪಾಗಿದೆ, ಮಣ್ಣು ಸಾರವಾಗಿದೆ ಎಂದು 2018ರಲ್ಲಿ ಸಂಶೋಧಕರು ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ನಮ್ಮ ಬಂಡೆಯ ಮರೆಯ ಮೂಲೆ ಕಣ್ಣ ಮುಂದೆ ಬಂತು.

ಟೊಮೆಟೊ, ಆಲೂಗಡ್ಡೆ, ಕೋಸು ಬೆಳೆದು ದಣಿದು ಮರದ ಕಡೆ ಬರುವವರ ತೊಂದರೆ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ ಎರಡು ಮೂರು ಬೆಳೆ, ಪ್ರತಿ ಬೆಳೆಗೂ ಕೋಳಿ ಗೊಬ್ಬರ, ಯೂರಿಯಾ, ಡಿಎಪಿ ಕಂಡ ನೆಲದಲ್ಲಿ ನೈಟ್ರೇಟ್ ತುಂಬಿರುತ್ತದೆ. ಅಲ್ಲಿ ಸಸಿ ಮಾರಿದವರ ಹಾಳೆಯಲ್ಲಿ ಬರೆದಿದೆ ಎಂದು ಮತ್ತೆ ಯೂರಿಯಾ ಸುರಿದರೆ ಮರಕ್ಕೆ ಒಳ್ಳೆಯದಾಗುವುದಿಲ್ಲ, ಮಳೆಯ ಜೊತೆ ಅದು ಇಳಿದು ನಾವು ಕುಡಿಯುವ ಬೋರಿನ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ನಿಯಮ. ಹಸುಗೂಸುಗಳಿಗೆ ಅದರಿಂದ ಅಪಾಯ. ಮರದ ದೃಷ್ಟಿಯಿಂದಲೂ ಅತಿಯಾದ ಸಾರ ಕೆಡುಕೇ. ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ದ್ವಿದಳ ಮೇವು ಬೆಳೆದು ಗೊಬ್ಬರ ಹಾಕಿ ಪೋಷಿಸಿದ್ದ ಹುಲ್ಲುಗಾವಲಿಗೆ ರೇಡಿಯೇಟಾ ಪೈನ್ ನೆಟ್ಟಾಗ ಮರಗಳು ದಂಡಿಯಾಗಿ ಬೆಳೆದವು, ಆದರೆ ಕಾಂಡ ಸೊಟ್ಟ, ಕೊಂಬೆ ಸೊಟ್ಟ. ಹಲಗೆಗೆ ಬಾರದ ಮರ. ಕಾಡಿನ ಬಡ ಮಣ್ಣಿನಲ್ಲಿ ಅದೇ ಪೈನ್ ನೆಟ್ಟಗೆ ನಿಲ್ಲುತ್ತಿತ್ತು. ತರಕಾರಿ ಬೆಳೆದ ನೆಲಕ್ಕೆ ಮೊದಲ ಒಂದೆರಡು ವರ್ಷ ಹೆಚ್ಚಿನ ಗೊಬ್ಬರ ಏನೂ ಬೇಡ. ಸಾಲಿನ ನಡುವೆ ಮುಸುಕಿನ ಜೋಳ ಬೆಳೆದು ಆ ನೈಟ್ರೇಟನ್ನು ಮೇವಾಗಿ ಹೊರತೆಗೆಯುವುದು ಬುದ್ಧಿವಂತಿಕೆ.

ಶ್ರೀಗಂಧದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 2001ರ ಕಾಯ್ದೆ ತಿದ್ದುಪಡಿಯಿಂದ ಹೊಲದ ಗಂಧ ಹೊಲದವನದೇ ಆದ ಮೇಲೆ ಬಹಳ ಮಂದಿ ಹಾಕಿದ್ದೀರಿ. ಗಂಧ ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ಬದುಕುವ ಮರ, ಸಾರಜನಕವನ್ನೂ ಹಾಗೇ ಪಡೆಯುತ್ತದೆ. ತೊಗರಿ, ಹೊಂಗೆ, ಗಾಳಿಮರ ಆಸರೆ ಗಿಡವಾಗಿದ್ದರೆ ಅವು ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ಹಿಡಿದು ಕೊಡುತ್ತವೆ. ಆದ್ದರಿಂದ ನೀಲಗಿರಿ ತೆಗೆದ ಬಡ ನೆಲದಲ್ಲಿ ಆಸರೆ ಗಿಡವನ್ನು ಒಂದು ವರ್ಷ ಮುಂಚೆಯೇ ಎಬ್ಬಿಸಿ, ಗಂಧವನ್ನು ಆಮೇಲೆ ತನ್ನಿ. ತರಕಾರಿ ನೆಲದಲ್ಲಿ ಇನ್ನೊಂದು ತೊಡಕು: ನೈಟ್ರೇಟ್ ತುಂಬಿದ ಮಣ್ಣಿನಲ್ಲಿ ತೊಗರಿ, ಹೊಂಗೆ ಬೇರುಗಂಟು ಕಟ್ಟಲು ಹಿಂದೇಟು ಹಾಕುತ್ತವೆ. ಗಿಡ ಕಿತ್ತು ಬೇರು ನೋಡಿ. ಗಂಟು ಸೀಳಿದಾಗ ಒಳಗೆ ಕೆಂಪು ಛಾಯೆ ಇದ್ದರೆ ಕೆಲಸ ನಡೆಯುತ್ತಿದೆ ಎಂದು.

ಹಾಗಾದರೆ ಹಳೆಯ ಲೆಕ್ಕ ಎಲ್ಲಿ ಸಿಗುತ್ತದೆ? ಪಹಣಿಯಲ್ಲಿ ಬೆಳೆ ಬರೆಯುವ ಕಾಲಂ ಇದೆ. ಭೂಮಿ ಯೋಜನೆಗೆ ಮುಂಚಿನ ಕೈಬರಹದ ಪಹಣಿಗಳ ನಕಲನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬಹುದು. ಅದು ಯಾವ ಬೆಳೆ ಎಂದು ಹೇಳೀತು, ಎಷ್ಟು ಗಾಡಿ ಗೊಬ್ಬರ ಎಂದು ಹೇಳದು. ಅದಕ್ಕಿಂತ ಹೆಚ್ಚು ಸುದ್ದಿ ಹೊಲದ ಹೆಸರಿನಲ್ಲಿದೆ. ತಿಪ್ಪೆ ಹೊಲ, ಹಟ್ಟಿ ಹೊಲ, ಕಣದ ಹೊಲ, ಹಿತ್ತಲ ಹೊಲ, ಕಲ್ಲು ಬೋರೆ ಎಂದು ಸುಮ್ಮನೆ ಕರೆದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸುದ್ದಿ ಮನೆಯ ಹಿರಿಯ ಹೆಂಗಸರಲ್ಲಿದೆ. ತಿಪ್ಪೆಯಿಂದ ಗೊಬ್ಬರ ತುಂಬಿ ಮಂಕರಿ ಹೊತ್ತು ಹೊಲಕ್ಕೆ ಎರಚಿದವರು ಅವರು. ಯಾವ ವರ್ಷ ಕೆರೆ ಗೋಡು ಹೊಡೆಸಿದ್ದು, ಯಾವ ಮೂಲೆಗೆ ಎಂದು ಅವರಿಗೆ ಜ್ಞಾಪಕ ಇರುತ್ತದೆ. ಅವರು ಇರುವಾಗಲೇ ಕೇಳಿಕೊಳ್ಳಿ.

ಕೇಳಲು ಯಾರೂ ಇಲ್ಲದವರು ನೆಲವನ್ನೇ ಕೇಳಬಹುದು. ಒಂದು ಮುಂಗಾರು ಸಸಿ ನೆಡದೆ, ಹೊಲದ ಉದ್ದಕ್ಕೂ ಒಂದು ಪಟ್ಟಿ ಮುಸುಕಿನ ಜೋಳ ಗೊಬ್ಬರವಿಲ್ಲದೆ ಬಿತ್ತಿ. ನಲವತ್ತು ಐವತ್ತು ದಿನಕ್ಕೆ ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಒಳಕ್ಕೆ ಇಳಿಯುತ್ತಿದ್ದರೆ ಅಲ್ಲಿ ಸಾರಜನಕ ಇಲ್ಲ. ಪಟ್ಟಿಯ ಯಾವ ಭಾಗ ಹಸಿರು, ಯಾವ ಭಾಗ ಹಳದಿ ಎಂದು ಗೂಟ ನೆಟ್ಟು ಗುರುತು ಮಾಡಿ. ಬೀಳು ನೆಲವಾದರೆ ಕೀರೆ, ಉಮ್ಮತ್ತಿ ದಟ್ಟವಾಗಿ ಎದ್ದಿರುವ ಕಡೆ ಒಂದು ಕಾಲದಲ್ಲಿ ತಿಪ್ಪೆಯೋ ದೊಡ್ಡಿಯೋ ಇದ್ದಿರಬೇಕು ಎಂದು ಹುಡುಕಿ ನೋಡಿ.

ನಮ್ಮ ಗುಡ್ಡದ ಹೊಲದಲ್ಲಿ ಹಳದಿ ಬಂದ ಭಾಗಕ್ಕೆ ನಾನು ಮಾಡಿದ್ದು ಹೀಗೆ. ಹೊಸದಾಗಿ ಏನೂ ನೆಡದೆ, ಬಡಕಲು ಹೆಬ್ಬೇವಿನ ಸಾಲುಗಳ ನಡುವೆ ಎರಡು ಮುಂಗಾರು ಅಪ್ಸೆಣಬು, ಹುರುಳಿ ಎರಚಿ ಹೂ ಬರುವ ಹೊತ್ತಿಗೆ ಮಡಚಿ ಹಾಕಿದೆ. ಬದುವಿನ ಮೇಲೆ ಸುತ್ತಲೂ ಗೊಬ್ಬರದ ಗಿಡದ ಕಡ್ಡಿ ಊರಿ, ವರ್ಷಕ್ಕೆ ಎರಡು ಸಲ ಸೊಪ್ಪು ಕಡಿದು ಮರದ ಬುಡಕ್ಕೆ ಹಾಕಿದೆ. ಕೊಟ್ಟಿಗೆ ಗೊಬ್ಬರ ಟನ್ನಿಗೆ ಐದು ಕೆಜಿ ಸಾರಜನಕ ಮಾತ್ರ ಕೊಡುತ್ತದೆ, ಅಷ್ಟು ಗೊಬ್ಬರ ಇವತ್ತು ಯಾರ ಮನೆಯಲ್ಲೂ ಇಲ್ಲ, ಸೊಪ್ಪಿನಿಂದಲೇ ಕಟ್ಟಬೇಕು. ಯೂರಿಯಾ ಪೂರ್ತಿ ಬಿಡಲಿಲ್ಲ, ಸೊಪ್ಪು ಮಡಚಿದ ಮೇಲೆ ಸ್ವಲ್ಪ ಸ್ವಲ್ಪ ಕೊಟ್ಟೆ. ಬೇರಿನ ಪುಡಿ ಬೇಗ ಕೊಳೆಯಲು ಅದೂ ಸಹಾಯವಾಯಿತು. ಬೆಂಕಿಯನ್ನು ಮಾತ್ರ ಹೊಲದೊಳಗೆ ಬಿಟ್ಟಿಲ್ಲ. ಮೂರನೇ ವರ್ಷ ಎಲೆಯ ಹಳದಿ ನಿಂತಿತು. ಮರಗಳು ಊರ ಮಗ್ಗುಲಿನವುಗಳ ಸಮಕ್ಕೆ ಬರಲಿಲ್ಲ, ಬರುವುದೂ ಇಲ್ಲ. ಕಳೆದುಕೊಂಡ ಆ ವರ್ಷಗಳು ನಿಮಗೆ ಉಳಿಯಲಿ ಎಂದೇ ಇಷ್ಟುದ್ದ ಬರೆದೆ.

ನಮ್ಮತ್ತೆ ಹೋದ ವರ್ಷ ತೀರಿಕೊಂಡರು. ಅದಕ್ಕೆ ಮುಂಚೆ ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡು ಅವರ ಪಕ್ಕ ಕೂತು, ಸರ್ವೆ ನಂಬರಿಗೊಂದು ಪುಟದಂತೆ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ನಮ್ಮವಷ್ಟೇ ಅಲ್ಲ, ಬದುವಿನ ಆಚೆಯವರ ಹೊಲದ್ದೂ ಒಂದಷ್ಟು ಇದೆ. ಪಕ್ಕದ ಹೊಲದ ಹುಡುಗ ಈ ವರ್ಷ ಮಹಾಗನಿ ಹಾಕುತ್ತಾನಂತೆ. ಮೊನ್ನೆ ಕರೆದು ಆ ಪುಟ ತೋರಿಸಿದೆ. ಪಡುವಣ ದಿಕ್ಕಿನ ಅರ್ಧ ಎಕರೆಗೆ ಅವನ ತಾತ ಎರಡು ವರ್ಷ ಸತತ ಕೆರೆ ಗೋಡು ಹೊಡೆಸಿದ್ದರು ಎಂದು ಅದರಲ್ಲಿದೆ. ಅವನು ಫೋನಿನಲ್ಲಿ ಪುಟದ ಚಿತ್ರ ತೆಗೆದುಕೊಂಡು ಹೋದ. ಸಸಿ ನೆಡುವುದು ಮುಂದಿನ ವರ್ಷಕ್ಕಾಯಿತು ಅಕ್ಕ, ಈ ವರ್ಷ ಜೋಳದ ಪಟ್ಟಿ ಬಿತ್ತುತ್ತೇನೆ ಅಂದ.

ಇಂತಿ,
ನಿಮ್ಮ ಸೀಮೆಯ ಒಬ್ಬ ರೈತ ಮಹಿಳೆ